ನೀಲಿ ಬೆರಳು

ಗಡಿನದಿಯ ಸೇತುವೆಯ ನಾಲ್ಕನೆಯ ಕಂಬ ಎರಡು ಮಳೆಗಾಲಗಳಲ್ಲಿ ಕೊಚ್ಚಿಹೋಯಿತು. ಮೂರನೆಯ ಬಾರಿ ನಾನು ಅದನ್ನು ಬಂಡೆಗೇ ಬೇರೂರಿಸಿ ನಿಲ್ಲಿಸಿದೆ. ಅಂದು ಎರಡೂ ದಂಡೆಯ ಜನ ಸೇತುವೆಯ ನಡುವೆ ಕುಳಿತು ಒಂದೇ ಬುತ್ತಿ ಬಿಚ್ಚಿ ಉಂಡರು.

ಈಗ ದೇಶ ನೆರೆನಾಡುಗಳ ವ್ಯಾಪಾರ ಒಕ್ಕೂಟವನ್ನು ತೊರೆದಿದೆ. ಸೇತುವೆಗೆ ಮುಳ್ಳುತಂತಿ ಬಿದ್ದಿದೆ. ಜನಮತದ ದಿನ ನಮ್ಮ ತೋರುಬೆರಳಿಗೆ ಹಚ್ಚಿದ ಶಾಯಿ ಮಾತ್ರ ಇನ್ನೂ ಅಳಿದಿಲ್ಲ. ತೊರೆದದ್ದೇ ಸರಿಯೆಂದು ಮನಸ್ಸು ಒಪ್ಪಿರುವವರೆಗೆ ಅದು ನೀಲಿ. ಒಳಗೆ ಪಶ್ಚಾತ್ತಾಪ ಸುಳಿದರೆ ಕೆಂಪೇರುತ್ತದೆ. ಕೆಂಪು ಬೆರಳಿನವರಿಗೆ ಸರ್ಕಾರಿ ಔಷಧಾಲಯದಲ್ಲಿ ಇನ್ಸುಲಿನ್ ಸಿಗದು. ನನ್ನ ಹೆಂಡತಿ ಗೌರಾಂಬಿಕೆ ಅದಿಲ್ಲದೆ ಬದುಕಳು.

ಔಷಧ ಕೊಡುವ ಮುನ್ನ ಒಕ್ಕೂಟದ ಕಾಲದ ನೆನಪೊಂದನ್ನು ಹೇಳಿಸಿ ಬೆರಳಿನ ಬಣ್ಣ ನೋಡುವುದು ಅಲ್ಲಿನ ಪದ್ಧತಿ.

“ಏನ್ ಕಟ್ಟೀರಿ ಅಜ್ಜಾರ? ಹೇಳ್ರಿ,” ಎಂದಳು ತಪಾಸಣೆಯ ಶಶಿಕಲಾ, ನನ್ನ ಮೊಮ್ಮಗಳ ವಯಸ್ಸಿನವಳು.

“ಒಂದ್ ಸೇತುವಿ. ಸಿಮೆಂಟು, ಕಬ್ಬಿಣ. ಮತ್ತೇನೈತಿ ಅದರಾಗ?”

“ಲಗೂ ಮುಗಸ್ರಿ ಯಜಮಾನ್ರ, ಕೇಳಿ ನಮ್ಮ ಬೆರಳು ಕೆಂಪಾದಾವು!” ಸಾಲಿನಲ್ಲಿ ಯಾರೋ ನಕ್ಕರು.

ನನ್ನ ಬೆರಳು ನೀಲಿಯಾಗಿಯೇ ಉಳಿಯಿತು. ಜೀವಮಾನದ ಕೆಲಸವನ್ನು ಇಷ್ಟು ನೀರಸವಾಗಿ ಹೇಳುವುದನ್ನು ವಾರವಿಡೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ನಿರಾಳವಾಗಿ ಸೀಸೆಗೆ ಕೈಚಾಚಿದೆ. ಶಶಿಕಲಾ ಅದನ್ನು ಮೆಲ್ಲನೆ ತನ್ನತ್ತ ಎಳೆದುಕೊಂಡಳು.

“ನಮ್ಮವ್ವ ಮದುವಿಯಾಗಿ ಆಚೀ ದಂಡಿಯಿಂದ ಆ ಸೇತುವಿ ಮ್ಯಾಲೇ ಬಂದಾಳ್ರಿ,” ಎಂದಳು, ನನ್ನ ಬೆರಳಿನಿಂದ ಕಣ್ಣು ತೆಗೆಯದೆ. “ಇನ್ನೊಮ್ಮೆ ಹೇಳ್ರಿ ಅಜ್ಜಾರ. ಎಲ್ಲಾರೂ ಕೂಡಿ ಬುತ್ತಿ ಉಂಡ್ರಂತ ಅವ್ವ ಹೇಳ್ತಿದ್ಲಲ್ಲ, ಆ ದಿನದ್ದು. ಸಾವಕಾಶ ಹೇಳ್ರಿ.”