ಅಜ್ಜನ ಕ್ಯಾರಿಯರ್ ಬಿಚ್ಚಿದ ದಿನ

ತುಕ್ಕು ಹಿಡಿದ ಕಬ್ಬಿಣಕ್ಕೆ ಚಿಮಣಿ ಎಣ್ಣೆ ಬಿಟ್ಟ ವಾಸನೆ ಬಂದರೆ ಇಂದಿಗೂ ನನಗೆ ಅಥಣಿಯ ನಮ್ಮ ಅಂಗಳದ ಆ ಮಧ್ಯಾಹ್ನ ನೆನಪಾಗುತ್ತದೆ.

ದ್ರಾಕ್ಷಿ ಪೆಟ್ಟಿಗೆ ಹೇರಲೆಂದು ನಮ್ಮ ಕಾರಿನ ನೆತ್ತಿಯ ಮೇಲೆ ಅಜ್ಜ ತನ್ನ ಕೈಯಾರೆ ಕ್ಯಾರಿಯರ್ ಬೆಸೆದು ಕೂರಿಸಿದ್ದ. ಅವನು ತೀರಿಕೊಂಡ ಮೇಲೆ ಅದು ಖಾಲಿಯೇ ಇತ್ತು. ಆದರೂ ಅಪ್ಪ ಯಾರಿಗೂ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಆ ವರ್ಷ ಅವ್ವನ ಕಿಡ್ನಿ ಕೆಟ್ಟು, ವಾರಕ್ಕೆರಡು ಸಲ ಮಿರಜಿನ ಆಸ್ಪತ್ರೆಗೆ ಹೋಗಬೇಕಾಯಿತು.

"ಖಾಲಿ ಕ್ಯಾರಿಯರ್ ಗಾಳಿಗೆ ಅಡ್ಡ ನಿಂತೈತ್ರಿ ಅಣ್ಣಾರ. ಆ ಗಾಳಿ ನೂಕಾಕ ಗಾಡಿ ಡೀಸೆಲ್ ಕುಡೀತೈತಿ," ಎಂದಿದ್ದ ಗ್ಯಾರೇಜಿನ ದಸ್ತಗೀರ ಚಾಚಾ.

ಅಪ್ಪ ತಾನೇ ಪಾನಾ ಹಿಡಿದು ಬೋಲ್ಟು ಬಿಚ್ಚತೊಡಗಿದ.

"ತೆಗೀಬ್ಯಾಡ್ರಿ, ಮಾವಾರು ಮಾಡಿದ್ದು," ಎಂದಳು ಕಟ್ಟೆಯ ಮೇಲೆ ಕುಳಿತಿದ್ದ ಅವ್ವ.

"ನಮ್ಮಪ್ಪ ಇದ್ದಿದ್ರ ಅಂವನ ತೆಗೀತಿದ್ದ," ಎಂದ ಅಪ್ಪ. ಮುಖ ಮಾತ್ರ ನಮ್ಮತ್ತ ತಿರುಗಿಸಲಿಲ್ಲ.

ಕ್ಯಾರಿಯರನ್ನು ಗೋಡೆಗೆ ಒರಗಿಸಿ ಮಿರಜಿಗೆ ಹೊರಟೆವು. ದಾರಿಯುದ್ದಕ್ಕೂ ಅದರೊಳಗೆ ಶಿಳ್ಳೆ ಹಾಕುತ್ತಿದ್ದ ಗಾಳಿ ಅಂದು ಸುಮ್ಮನಿತ್ತು. ಮಂಗಸೂಳಿ ದಾಟುವಷ್ಟರಲ್ಲಿ ಅವ್ವನಿಗೆ ನನ್ನ ತೊಡೆಯ ಮೇಲೆ, ಎಷ್ಟೋ ದಿನಗಳ ನಂತರ, ಗಾಢ ನಿದ್ದೆ ಹತ್ತಿತು. ಯಾವಾಗಲೂ ಕಾಗವಾಡದಲ್ಲಿ ಚಹಾಕ್ಕೆ ಇಳಿಯುತ್ತಿದ್ದ ಅಪ್ಪ, ಕನ್ನಡಿಯಲ್ಲಿ ಅವಳನ್ನೊಮ್ಮೆ ನೋಡಿ, ಗಾಡಿ ನಿಲ್ಲಿಸಲಿಲ್ಲ.