ಅಧ್ಯಕ್ಷರು ಕೊಟ್ಟ ಮಾತು

ನಿವೃತ್ತ ಬಸ್ ಕಂಡಕ್ಟರ್ ಈರಸಂಗಪ್ಪನ ಶ್ರದ್ಧಾಂಜಲಿ ಸಭೆಗೆ ಇಡೀ ಓಣಿಯೇ ಬಂದಿತ್ತು. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಓಣಿಯ ಗಟಾರ ಬಳಿದು ಸ್ವಚ್ಛ ಮಾಡಿದವನು, ಯಾರ ಮನೆಯಲ್ಲಿ ಹೆರಿಗೆ ನೋವೆಂದರೂ ಆಟೋ ತಂದು ನಿಲ್ಲಿಸಿದವನು ಅವನು. ನೆನೆದವರೆಲ್ಲ ಕಣ್ಣೊರೆಸಿಕೊಂಡರು.

ಅವನ ಹೆಂಡತಿ ಕಲ್ಲವ್ವ ಮಾತ್ರ ಅಳಲಿಲ್ಲ. ವೇದಿಕೆಯ ಮೇಲಿದ್ದ ಓಣಿ ಸಂಘದ ಅಧ್ಯಕ್ಷನನ್ನೇ ನೋಡುತ್ತಿದ್ದಳು. ನೀರಿನ ಪಂಪು ಕದ್ದನೆಂದು ಸುಳ್ಳು ದೂರು ಕೊಟ್ಟು ಅವಳ ಗಂಡನನ್ನು ದಿನವಿಡೀ ಠಾಣೆಯಲ್ಲಿ ಕೂರಿಸಿದವನು ಅವನೇ. ಆ ಅವಮಾನಕ್ಕೆ ಹಾಸಿಗೆ ಹಿಡಿದು ಆಸ್ಪತ್ರೆ ಸೇರಿದ ಈರಸಂಗಪ್ಪ ಮತ್ತೆ ಮೇಲೇಳಲಿಲ್ಲ.

“ಅಂವಾ ನನಗ ಒಡಹುಟ್ಟಿದ ಅಣ್ಣ ಇದ್ದಂಗ,” ಎಂದು ಅಧ್ಯಕ್ಷ ಗದ್ಗದಿತನಾದ.

ಕಲ್ಲವ್ವ ಎದ್ದು ಹೋಗಿ ಮೈಕ್ ಹಿಡಿದಳು. ಅಧ್ಯಕ್ಷನ ಮುಖ ಬಿಳುಚಿತು.

“ಅಧ್ಯಕ್ಷರು ಖರೇನ ಅಂದ್ರು. ನಮ್ಮನಿಯವರು ಹೋಗೂ ಹಿಂದಿನ ದಿನ ದವಾಖಾನಿಗೆ ಬಂದು ಅವರ ಕೈ ಹಿಡಕೊಂಡ್ರು. ‘ಅಣ್ಣಾ, ಇನ್ನ ಗಟಾರ ದಿನಾ ನಾನ ಬಳೀತೀನಿ, ಜೀವ ಇರೂತನಕ ಬಿಡೂದಿಲ್ಲ’ ಅಂತ ಮಾತು ಕೊಟ್ರು. ಹೌದಲ್ರೀ ಅಧ್ಯಕ್ಷರ?”

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಿರಿಯರೊಬ್ಬರು ಅಧ್ಯಕ್ಷನ ಕೊರಳಿಗೆ ಹಾರ ಹಾಕಿ, “ನಾಳಿಂದನ ಚಾಲೂ ಆಗಲಿ,” ಎಂದರು.

“ಹೌದು,” ಎಂದ ಅಧ್ಯಕ್ಷ, ನೆಲ ನೋಡುತ್ತ.

ಕೆಳಗಿಳಿದು ಬಂದ ಕಲ್ಲವ್ವನನ್ನು ತಂಗಿ ಮೆಲ್ಲಗೆ ಕೇಳಿದಳು: “ಅಕ್ಕಾ, ಅಂವಾ ಯಾವಾಗ ಬಂದಿದ್ದ?”

“ಆ ದವಾಖಾನಿ ಕಡೆ ತೆಲಿ ಹಾಕಿ ಸುದ್ದಾ ಮಲಗಿಲ್ಲ ಅಂವಾ,” ಎಂದಳು ಕಲ್ಲವ್ವ.