ಬಟ್ಟಲಲ್ಲಿ ಬೆಳೆದ ಕರುಳು

ಊರಿನ ಪ್ರತಿ ಮಗುವಿನ ಕರುಳಿನ ಚೂರೊಂದನ್ನು ತಾಲೂಕು ಆಸ್ಪತ್ರೆಯ ಗಾಜಿನ ಬಟ್ಟಲಲ್ಲಿ ಬೆಳೆಸಿಡುವುದು ವಾಡಿಕೆಯಾಗಿ ಬಹಳ ಕಾಲವಾಗಿತ್ತು. ಮಗುವಿಗೆ ಏನು ಒಗ್ಗುತ್ತದೆ, ಏನು ಒಗ್ಗದು ಎಂಬುದು ಮೊದಲು ಅಲ್ಲಿಯೇ ತಿಳಿಯುತ್ತಿತ್ತು.

ಶಂಕ್ರವ್ವನ ಮಗಳು ಕಸ್ತೂರಿಗೆ ಹುಟ್ಟಿದಂದಿನಿಂದ ಯಾವುದೂ ಒಗ್ಗಿರಲಿಲ್ಲ. ತೋಳಿಗೆ ಚುಚ್ಚಿದ ನಳಿಗೆಯಲ್ಲಿ ಇಳಿಯುವ ಪೋಷಕ ದ್ರವವೇ ಅವಳ ಊಟ. ಜೋಳ, ಗೋಧಿ, ಕೊನೆಗೆ ತಾಯಿಯ ಎದೆಹಾಲು ಹನಿಸಿದರೂ ಬಟ್ಟಲಿನ ಕರುಳು ಮುದುಡಿ ಕಪ್ಪಾಗುತ್ತಿತ್ತು.

ಈ ಸಲ ಶಂಕ್ರವ್ವ ನವಣೆ ಗಂಜಿಯ ತಿಳಿ ತಂದಿದ್ದಳು. ಬಟ್ಟಲುಗಳನ್ನು ನೋಡಿಕೊಳ್ಳುವ ರೇಷ್ಮಾ ಕಸ್ತೂರಿಯ ಬಟ್ಟಲಿಗೆ ಒಂದು ಹನಿ ಬಿಟ್ಟು, ಕರುಳಿನ ಚೂರು ದೊಡ್ಡದಾಗಿ ಕಾಣುತ್ತಿದ್ದ ಪರದೆಯತ್ತ ಕೈ ತೋರಿಸಿದಳು.

"ನೋಡ್ರಿ ಅಕ್ಕಾರ."

ಮೊದಲು ಏನೂ ಆಗಲಿಲ್ಲ. ಆಮೇಲೆ ಎಳೆ ಗರಿಕೆಯಂಥ ಸಾವಿರಾರು ಕುಡಿಗಳು ಒಟ್ಟಿಗೇ ಗಂಜಿಯತ್ತ ಬಾಗಿದವು. ಇಡೀ ಚೂರು ಮೆಲ್ಲಗೆ ಬಿಗಿದು ಸಡಿಲಾಯಿತು, ಮತ್ತೆ ಬಿಗಿಯಿತು.

"ಏನ್ ಮಾಡಾಕತ್ತೈತವ್ವಾ ಅದು?"

"ಉಣ್ಣಾಕತ್ತೈತ್ರೀ."

ಹೆತ್ತವಳೂ ಎಂದೂ ಕಾಣದ ಮಗಳ ಒಡಲು ಕಣ್ಣೆದುರೇ ಉಣ್ಣುತ್ತಿತ್ತು. ಶಂಕ್ರವ್ವ ತನಗರಿವಿಲ್ಲದೆ ಪರದೆಗೆ ಕೈಮುಗಿದಳು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಕಸ್ತೂರಿಯ ಬಾಯಿಗೆ ಅವಳು ಒಂದು ಚಮಚ ಗಂಜಿ ಇಟ್ಟಳು. ನೀರು ಬಿಟ್ಟು ಬೇರೇನೂ ನುಂಗಿ ಗೊತ್ತಿರದ ಹುಡುಗಿ ಗಂಜಿಯನ್ನು ಬಾಯಲ್ಲೇ ಇಟ್ಟುಕೊಂಡು ತಾಯಿಯನ್ನು ನೋಡಿದಳು.

"ನುಂಗು, ನನ್ನವ್ವಾ," ಎಂದ ಶಂಕ್ರವ್ವ ತಾನೇ ನುಂಗಿ ತೋರಿಸಿದಳು.

ಕಸ್ತೂರಿ ನುಂಗಿದಳು. ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಪಿಸುಗುಟ್ಟಿದಳು:

"ಯವ್ವಾ, ಒಳಗ ಬೆಚ್ಚಗಾತು."